ನೌಕರನ ಅಹವಾಲು ಮತ್ತು ಆಡಳಿತದ ಉತ್ತರ: ನಮ್ಮ ತಾಂತ್ರಿಕೋದ್ಯಮಗಳನ್ನು ಕುರಿತ ಒಂದು ವಿವೇಚನೆ

೧. ವಿಷಯದ ಸ್ವರೂಪ

ತುಮಕೂರಿನಿಂದ ಕುಣಿಗಲಿಗೆ ಹೋಗುವ ರಸ್ತೆಯ ಮೇಲಿರುವ ಹೆಬ್ಬೂರು ತುಮಕೂರು ತಾಲ್ಲೂಕಿನ ಒಂದು ಹೋಬಳಿ ಕೇಂದ್ರ. ರಾಗಿ, ತೆಂಗು, ಅಡಕೆಗಳನ್ನು ನಂಬಿ ಬಾಳಿದ ಈ ಸೀಮೆಗೆ ಯಂತ್ರೋದ್ಯಮವು ಈಗ ದೂರದ ಮಾತಾಗಿ ಉಳಿದಿಲ್ಲ. ೧೯೭೮ರಲ್ಲಿ ತುಮಕೂರಿನಲ್ಲಿ ಎಚ್.ಎಂ.ಟಿ. ಸಂಸ್ಥೆಯ ಕೈಗಡಿಯಾರ ಕಾರ್ಖಾನೆ ಆರಂಭವಾಯಿತು. ಅದು ಮುಚ್ಚಿಹೋದ ವರ್ಷವಾದ ೨೦೧೬ರಲ್ಲಿಯೇ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯ ಹೆಲಿಕಾಪ್ಟರ್ ಕಾರ್ಖಾನೆಗೆ ಶಂಕುಸ್ಥಾಪನೆಯಾಯಿತು. ೨೦೨೩ರ ಫೆಬ್ರವರಿಯಲ್ಲಿ ಅದು ರಾಷ್ಟ್ರಕ್ಕೆ ಸಮರ್ಪಿತವಾಯಿತು. ವಸಂತನರಸಾಪುರದ ಕೈಗಾರಿಕಾ ಪ್ರದೇಶವು ತುಮಕೂರಿಗೆ ಸಮೀಪದಲ್ಲಿಯೇ ಇದೆ. ಬೆಂಗಳೂರಿನ ಕಚೇರಿಗಳೂ ಕಾರ್ಖಾನೆಗಳೂ ಕೆಲವು ಗಂಟೆಗಳ ಪ್ರಯಾಣದಷ್ಟೇ ದೂರ. ಆದುದರಿಂದ ಇಲ್ಲಿಯ ಕಾಲೇಜುಗಳಲ್ಲಿ ಓದುವವರು ನಾಳೆ ಎಂಥ ಆಡಳಿತದ ಕೈಕೆಳಗೆ ಕೆಲಸ ಮಾಡಬೇಕಾದೀತೆಂಬುದು ಕೇವಲ ಪಠ್ಯಪುಸ್ತಕದ ಪ್ರಶ್ನೆಯಲ್ಲ.

ಒಂದು ಸಂಸ್ಥೆಯ ಕೆಲಸದ ವಾತಾವರಣ ಒಳ್ಳೆಯದೋ ಕೆಟ್ಟದೋ ಎಂಬುದನ್ನು ಜನ ಸಾಮಾನ್ಯವಾಗಿ ಹೊರಲಕ್ಷಣಗಳಿಂದ ಅಳೆಯುತ್ತಾರೆ. ಕಟ್ಟಡ ಭವ್ಯವೆ? ಕ್ಯಾಂಟೀನಿನ ಊಟ ರುಚಿಯೆ? ಮೇಲಧಿಕಾರಿ ನಗುಮುಖದವನೆ? ಇವು ನಿರ್ಲಕ್ಷಿಸತಕ್ಕ ಅಂಶಗಳಲ್ಲ. ಆದರೆ ಇವುಗಳಲ್ಲಿ ಯಾವುದೂ ವಾತಾವರಣದ ತಿರುಳನ್ನು ಮುಟ್ಟುವುದಿಲ್ಲವೆಂದು ನಮಗೆ ತೋರುತ್ತದೆ. ನೌಕರನಿಗೆ ಅನ್ಯಾಯವಾಯಿತೆಂದು ಅನಿಸಿದಾಗ ಅವನು ಅದನ್ನು ಯಾರ ಮುಂದೆ ಇಡುತ್ತಾನೆ? ಕೇಳಿದವನಿಗೆ ಅದನ್ನು ಸರಿಪಡಿಸುವ ಅಧಿಕಾರವಿದೆಯೆ? ಉತ್ತರವು ಗೊತ್ತಾದ ಅವಧಿಯೊಳಗೆ ಬರುತ್ತದೆಯೆ? ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ಮುಂದಿನ ಮೆಟ್ಟಿಲು ಯಾವುದು? ಈ ನಾಲ್ಕು ಪ್ರಶ್ನೆಗಳಿಗೆ ದೊರೆಯುವ ಉತ್ತರವೇ ಒಂದು ಸಂಸ್ಥೆಯ ಆಡಳಿತದ ನಿಜವಾದ ಸ್ವರೂಪವನ್ನು ತಿಳಿಸುತ್ತದೆ. ಈ ಅಂಶವನ್ನು ಮೂರು ಬಗೆಯ ತಾಂತ್ರಿಕೋದ್ಯಮಗಳ ಅನುಭವದಿಂದ ವಿಶದಪಡಿಸುವುದು ಪ್ರಕೃತ ಲೇಖನದ ಉದ್ದೇಶ: ಸಾರ್ವಜನಿಕ ವಲಯದ ಕಾರ್ಖಾನೆ, ಗುತ್ತಿಗೆಯ ಆಳುಗಳಿಂದ ನಡೆಯುವ ಎಲೆಕ್ಟ್ರಾನಿಕ್ಸ್ ಕಾರ್ಖಾನೆ, ಮತ್ತು ಸಾಫ್ಟ್‌ವೇರ್ ಕಚೇರಿ.

೨. ಕೇಳುವುದಕ್ಕೂ ಉತ್ತರಿಸುವುದಕ್ಕೂ ಇರುವ ಅಂತರ

ಮೊದಲು ಈ ಪ್ರಶ್ನೆಯ ಶಾಸ್ತ್ರೀಯ ಹಿನ್ನೆಲೆಯನ್ನು ಸಂಕ್ಷೇಪವಾಗಿ ನೋಡಬಹುದು. ನೌಕರರ ಅನುಭವವನ್ನು ಅವರ ಬಾಯಿಂದಲೇ ಕೇಳಿ ದಾಖಲಿಸುವ ಮೊದಲ ದೊಡ್ಡ ಪ್ರಯತ್ನ ನಡೆದುದು ಒಂದು ಟೆಲಿಫೋನು ಸಾಮಗ್ರಿಯ ಕಾರ್ಖಾನೆಯಲ್ಲಿ. ಅಮೆರಿಕದ ಷಿಕಾಗೊ ನಗರದ ಬಳಿ ಇದ್ದ ವೆಸ್ಟರ್ನ್ ಎಲೆಕ್ಟ್ರಿಕ್ ಸಂಸ್ಥೆಯ ಹಾಥಾರ್ನ್ ಕಾರ್ಖಾನೆಯಲ್ಲಿ ೧೯೨೪ರಿಂದ ೧೯೩೨ರವರೆಗೆ ನಡೆದ ಪ್ರಯೋಗಗಳು ವಾಣಿಜ್ಯಶಾಸ್ತ್ರ, ಸಮಾಜಶಾಸ್ತ್ರಗಳ ವಿದ್ಯಾರ್ಥಿಗಳಿಗೆಲ್ಲ ಪರಿಚಿತವಾದುವು. ದೀಪದ ಬೆಳಕನ್ನು ಹೆಚ್ಚಿಸಿ ತಗ್ಗಿಸಿ ಉತ್ಪಾದನೆಯನ್ನು ಅಳೆದ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಆದರೆ ನಮ್ಮ ಪ್ರಶ್ನೆಗೆ ಹೆಚ್ಚು ಹತ್ತಿರವಾದುದು ೧೯೨೮ರಿಂದ ೧೯೩೦ರವರೆಗೆ ಅಲ್ಲಿ ನಡೆದ ಸಂದರ್ಶನ. ಈ ಅವಧಿಯಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ನೌಕರರನ್ನು ಒಬ್ಬೊಬ್ಬರನ್ನಾಗಿ ಮಾತನಾಡಿಸಲಾಯಿತು. ಮೊದಲು ಗೊತ್ತುಪಡಿಸಿದ ಪ್ರಶ್ನೆಗಳನ್ನೇ ಕೇಳುತ್ತಿದ್ದರು. ನೌಕರನು ಆ ಪ್ರಶ್ನೆಗಳನ್ನು ಬದಿಗಿಟ್ಟು ತನಗೆ ಮುಖ್ಯವೆನಿಸಿದುದನ್ನೇ ಹೇಳುತ್ತಾನೆಂಬುದು ಕಂಡುಬಂದ ಮೇಲೆ, ಅವನಿಗೆ ತೋಚಿದುದನ್ನು ತೋಚಿದಂತೆ ಹೇಳಲು ಬಿಡುವ ಪದ್ಧತಿ ಬಂದಿತು.

ರೋತ್ಲಿಸ್‌ಬರ್ಗರ್ ಮತ್ತು ಡಿಕ್ಸನ್ ಎಂಬ ವಿದ್ವಾಂಸರು ೧೯೩೯ರಲ್ಲಿ ಈ ಪ್ರಯೋಗಗಳ ಸಮಗ್ರ ವಿವರಣೆಯನ್ನು ಪ್ರಕಟಿಸಿದರು. ದೂರಿನ ಮೇಲ್ಮೈಯ ಅರ್ಥ ಬೇರೆ, ಒಳಗಿನ ಅರ್ಥ ಬೇರೆ ಇರಬಹುದೆಂಬುದು ಅವರ ಒಂದು ಮುಖ್ಯ ಪ್ರತಿಪಾದನೆ. ಕೋಣೆ ಬಿಸಿಯಾಗಿದೆಯೆಂದು ದೂರುವವನ ಮನಸ್ಸಿನಲ್ಲಿರುವುದು ಶಾಖವಲ್ಲದೆ, ತನ್ನನ್ನು ಯಾರೂ ಲಕ್ಷಿಸುವುದಿಲ್ಲವೆಂಬ ನೋವಾಗಿರಬಹುದು. ಇದು ಸೂಕ್ಷ್ಮವಾದ ಗ್ರಹಿಕೆ. ಆದರೆ ಇದರಲ್ಲಿ ಒಂದು ಅಪಾಯವೂ ಅಡಗಿದೆ. ದೂರನ್ನೆಲ್ಲ ಮನಸ್ಸಿನ ಬೇಗೆಯೆಂದು ಬಗೆದರೆ ಕೋಣೆಯ ಶಾಖವನ್ನು ತಗ್ಗಿಸುವ ಹೊಣೆ ಯಾರಿಗೂ ಉಳಿಯುವುದಿಲ್ಲ. ಹಾಥಾರ್ನ್‌ನಲ್ಲಿ ಆದುದೂ ಬಹುಮಟ್ಟಿಗೆ ಇದೇ. ಆರ್ಥಿಕ ಕುಸಿತದ ವರ್ಷಗಳಲ್ಲಿ ಸಂದರ್ಶನಗಳು ನಿಂತುವು. ಸಾವಿರಾರು ಜನ ಕೆಲಸ ಕಳೆದುಕೊಂಡರು. ೧೯೩೬ರಲ್ಲಿ ಆ ಪದ್ಧತಿ ಮತ್ತೆ ಆರಂಭವಾದಾಗ, ನೌಕರರ ಮಾತಿಗೆ ಕಿವಿಗೊಡಲು ನೇಮಕವಾದವರಿಗೆ ಆ ದೂರನ್ನು ಸರಿಪಡಿಸುವ ಅಧಿಕಾರವಿರಲಿಲ್ಲ. ಕೇಳುವುದು ಒಂದು ವ್ಯವಸ್ಥೆ, ಉತ್ತರಿಸುವುದು ಇನ್ನೊಂದು ವ್ಯವಸ್ಥೆ ಎಂಬ ಭೇದವನ್ನು ವಾಚಕರು ಈ ಉದಾಹರಣೆಯಿಂದ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಮುಂದಿನ ವಿವೇಚನೆಗೆಲ್ಲ ಇದೇ ಆಧಾರ.

ಇದಕ್ಕೆ ಪೂರಕವಾದ ಇನ್ನೊಂದು ವಿಚಾರವನ್ನು ಅರ್ಥಶಾಸ್ತ್ರಜ್ಞ ಆಲ್ಬರ್ಟ್ ಹರ್ಷ್‌ಮನ್ ೧೯೭೦ರಲ್ಲಿ ಮಂಡಿಸಿದನು. ತಾನು ಸೇರಿದ ಸಂಸ್ಥೆಯ ನಡತೆ ಕೆಟ್ಟಿತೆಂದು ಕಂಡವನ ಮುಂದೆ ಎರಡು ದಾರಿಗಳಿವೆ: ಬಿಟ್ಟು ಹೋಗುವುದು ಅಥವಾ ದನಿಯೆತ್ತುವುದು. ಸಂಸ್ಥೆಯ ಮೇಲಿನ ನಿಷ್ಠೆಯು ಬಿಟ್ಟುಹೋಗುವ ನಿರ್ಧಾರವನ್ನು ತಡೆಹಿಡಿದು, ದನಿಗೆ ಅವಕಾಶ ಕೊಡುತ್ತದೆ. ಹೋಗುವುದು ಸುಲಭವಾದಲ್ಲಿ ದನಿ ಕ್ಷೀಣಿಸುತ್ತದೆ. ಎರಡೂ ದಾರಿ ಮುಚ್ಚಿದಲ್ಲಿ ಏನಾಗುವುದೆಂಬುದನ್ನು ನಾವು ಮುಂದೆ ನೋಡಲಿದ್ದೇವೆ.

೩. ಸಾರ್ವಜನಿಕ ಕಾರ್ಖಾನೆಗಳ ಮೆಟ್ಟಿಲುಗಳು

ಸ್ವಾತಂತ್ರ್ಯಾನಂತರ ಕರ್ನಾಟಕದ ತಾಂತ್ರಿಕೋದ್ಯಮವೆಂದರೆ ಮುಖ್ಯವಾಗಿ ಬೆಂಗಳೂರಿನ ಸಾರ್ವಜನಿಕ ಕಾರ್ಖಾನೆಗಳೇ ಆಗಿದ್ದುವು. ಟೆಲಿಫೋನುಗಳನ್ನು ತಯಾರಿಸುವ ಐ.ಟಿ.ಐ. ೧೯೪೮ರಲ್ಲಿ ಸ್ಥಾಪನೆಯಾಯಿತು. ಹಿಂದೂಸ್ತಾನ್ ಮೆಷಿನ್ ಟೂಲ್ಸ್, ಅಂದರೆ ಎಚ್.ಎಂ.ಟಿ., ೧೯೫೩ರಲ್ಲಿ ರೂಪುಗೊಂಡಿತು. ೧೯೬೧ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಿಂದ ಬೆಂಗಳೂರಿನಲ್ಲಿ ಅದರ ಗಡಿಯಾರ ಕಾರ್ಖಾನೆ ಆರಂಭವಾಯಿತು. ತುಮಕೂರಿನ ಕಾರ್ಖಾನೆ ಈ ಗಡಿಯಾರ ಶಾಖೆಯ ವಿಸ್ತರಣೆ. ಕೂದಲೆಳೆಯಷ್ಟು ಸೂಕ್ಷ್ಮವಾದ ಭಾಗಗಳನ್ನು ಚಿಮಟದಿಂದೆತ್ತಿ ಜೋಡಿಸುವ ಆ ಕೆಲಸದಲ್ಲಿ ಮಹಿಳೆಯರೂ ಹೆಚ್ಚಿನ ಸಂಖ್ಯೆಯಲ್ಲಿ ತೊಡಗಿದ್ದರು.

ಈ ಕಾರ್ಖಾನೆಗಳಲ್ಲಿ ಅಹವಾಲಿಗೆ ಒಂದು ಗೊತ್ತಾದ ದಾರಿಯಿತ್ತು. ೧೯೪೬ರ ಸ್ಥಾಯೀ ಆದೇಶಗಳ ಕಾನೂನಿನ ಪ್ರಕಾರ ಕೆಲಸದ ವೇಳೆ, ರಜೆ, ಶಿಸ್ತುಕ್ರಮ, ವಜಾ ಮುಂತಾದ ನಿಯಮಗಳನ್ನು ಆಡಳಿತ ವರ್ಗವು ಬರೆದು, ಸರ್ಕಾರದ ಅಧಿಕಾರಿಯಿಂದ ಪ್ರಮಾಣೀಕರಿಸಿಕೊಂಡು, ಕೆಲಸಗಾರರಿಗೆ ಕಾಣುವಂತೆ ಪ್ರಕಟಿಸಬೇಕಾಗಿತ್ತು. ೧೯೪೭ರ ಕೈಗಾರಿಕಾ ವಿವಾದಗಳ ಕಾನೂನು, ನೂರು ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವಲ್ಲಿ ಉಭಯಪಕ್ಷದ ಪ್ರತಿನಿಧಿಗಳುಳ್ಳ ಕಾರ್ಖಾನಾ ಸಮಿತಿಗೆ ಅವಕಾಶ ಕಲ್ಪಿಸಿತ್ತು. ೧೯೫೮ರಲ್ಲಿ ನೈನಿತಾಲಿನಲ್ಲಿ ಸೇರಿದ ಭಾರತೀಯ ಕಾರ್ಮಿಕ ಸಮ್ಮೇಳನವು ಶಿಸ್ತಿನ ಸಂಹಿತೆಯೊಂದನ್ನು ಒಪ್ಪಿತು. ಅದಕ್ಕನುಗುಣವಾಗಿ ಅಹವಾಲುಗಳ ವಿಚಾರಣೆಗೆ ಒಂದು ಮಾದರಿ ಕ್ರಮವೂ ಸಿದ್ಧವಾಯಿತು.

ಈ ಮಾದರಿಯ ಮೆಟ್ಟಿಲುಗಳನ್ನು ವಿವರವಾಗಿ ನೋಡುವುದು ಉಚಿತ. ಕೆಲಸಗಾರನು ತನ್ನ ದೂರನ್ನು ಮೊದಲು ಅದಕ್ಕಾಗಿ ಗೊತ್ತುಪಡಿಸಿದ ಅಧಿಕಾರಿಗೆ ಬಾಯಿಮಾತಿನಲ್ಲಿಯೇ ಹೇಳಬಹುದು. ೪೮ ಗಂಟೆಗಳೊಳಗೆ ಉತ್ತರ ಬರಬೇಕು. ಉತ್ತರ ಬಾರದಿದ್ದರೆ ಅಥವಾ ಸಮಾಧಾನವಾಗದಿದ್ದರೆ ದೂರು ವಿಭಾಗದ ಮುಖ್ಯಸ್ಥನಿಗೆ ಹೋಗುತ್ತದೆ. ಅವನಿಗೆ ಮೂರು ದಿನಗಳ ಅವಧಿ. ಅಲ್ಲಿಯೂ ತೃಪ್ತಿಯಾಗದಿದ್ದರೆ ಉಭಯಪಕ್ಷದವರಿರುವ ಅಹವಾಲು ಸಮಿತಿ ಏಳು ದಿನಗಳೊಳಗೆ ತನ್ನ ಶಿಫಾರಸನ್ನು ಆಡಳಿತಕ್ಕೆ ಸಲ್ಲಿಸಬೇಕು. ಆಡಳಿತದ ತೀರ್ಮಾನವನ್ನು ಮರುಪರಿಶೀಲನೆಗೆ ಒಡ್ಡಬಹುದು. ಕಡೆಗೆ ಉಭಯರೂ ಒಪ್ಪಿದ ಪಂಚಾಯಿತಿಗೂ ಹೋಗಬಹುದು. ಈ ಕ್ರಮವು ಎಲ್ಲ ಕಾರ್ಖಾನೆಗಳಲ್ಲಿಯೂ ಅಕ್ಷರಶಃ ನಡೆಯಿತೆಂದು ನಾವು ಹೇಳುತ್ತಿಲ್ಲ. ಅದರ ರಚನೆಯಲ್ಲಿ ಮೂರು ಗುಣಗಳಿದ್ದುವೆಂಬುದು ನಮಗೆ ಮುಖ್ಯ: ಉತ್ತರಿಸತಕ್ಕ ವ್ಯಕ್ತಿಗೆ ಹೆಸರಿತ್ತು, ಉತ್ತರಕ್ಕೆ ಅವಧಿಯಿತ್ತು, ಉತ್ತರ ತಪ್ಪಿದರೆ ಮೇಲಿನ ಮೆಟ್ಟಿಲಿತ್ತು. ಇವುಗಳ ಬೆನ್ನಿಗೆ ಕಾರ್ಮಿಕ ಸಂಘದ ಬಲವೂ ಇತ್ತು.

ಈ ವ್ಯವಸ್ಥೆಯಲ್ಲಿ ನೌಕರಿ ಹಿಡಿದವನ ಭದ್ರತೆಯನ್ನು ಮಾನವಶಾಸ್ತ್ರಜ್ಞ ಮಾರ್ಕ್ ಹೋಮ್‌ಸ್ಟ್ರೋಮ್ ಬೆಂಗಳೂರಿನ ಕಾರ್ಖಾನೆ ಕೆಲಸಗಾರರನ್ನು ಕುರಿತ ತನ್ನ ೧೯೭೬ರ ಗ್ರಂಥದಲ್ಲಿ ಕೋಟೆಗೆ ಹೋಲಿಸಿದನು. ಕೋಟೆಯ ಒಳಗಿರುವವನಿಗೆ ಸಂಬಳ, ರಜೆ, ನಿವೃತ್ತಿವೇತನಗಳ ನೆಮ್ಮದಿ. ಹೊರಗಿರುವವನಿಗೆ ಒಳಹೊಗುವುದೇ ಜೀವನದ ಗುರಿ. ೧೯೮೪ರಲ್ಲಿ ಅವನೇ ಈ ಹೋಲಿಕೆಯನ್ನು ತಿದ್ದಿ, ಒಳಗು ಹೊರಗುಗಳ ನಡುವೆ ಇರುವುದು ನೆಟ್ಟನೆಯ ಗೋಡೆಯಲ್ಲ, ಹಂತಹಂತವಾಗಿ ಏರುವ ಇಳಿಜಾರು ಎಂದು ಅಭಿಪ್ರಾಯಪಟ್ಟನು. ಗುತ್ತಿಗೆಯ ಆಳು, ಸಣ್ಣ ಕಾರ್ಖಾನೆಯ ಕೆಲಸಗಾರ, ಖಾಯಂ ನೌಕರ ಇವರೆಲ್ಲ ಆ ಇಳಿಜಾರಿನ ಬೇರೆಬೇರೆ ಎತ್ತರಗಳಲ್ಲಿ ನಿಂತವರು. ಈ ತಿದ್ದುಪಡಿಯ ಮಹತ್ತ್ವವು ಮುಂದಿನ ಭಾಗದಲ್ಲಿ ಸ್ಪಷ್ಟವಾಗುವುದು.

ಸಾರ್ವಜನಿಕ ಕಾರ್ಖಾನೆಗಳಲ್ಲಿ ಸಂಘರ್ಷವಿರಲಿಲ್ಲವೆಂದು ಭಾವಿಸಕೂಡದು. ೧೯೮೦ರ ಡಿಸೆಂಬರಿನಿಂದ ೧೯೮೧ರ ಮಾರ್ಚಿಯವರೆಗೆ ಎಚ್.ಎ.ಎಲ್., ಎಚ್.ಎಂ.ಟಿ., ಐ.ಟಿ.ಐ., ಬಿ.ಇ.ಎಲ್., ಬಿ.ಇ.ಎಂ.ಎಲ್. ಸಂಸ್ಥೆಗಳ ನೌಕರರು ೭೭ ದಿನಗಳ ಮುಷ್ಕರ ನಡೆಸಿದರು. ಮತ್ತೊಂದು ಸಾರ್ವಜನಿಕ ಸಂಸ್ಥೆಯಾದ ಬಿ.ಎಚ್.ಇ.ಎಲ್.ನ ನೌಕರರಿಗೆ ಸಮನಾದ ಸಂಬಳ ತಮಗೂ ಬೇಕೆಂಬುದು ಅವರ ಮುಖ್ಯ ಬೇಡಿಕೆ. ಅದು ಈಡೇರದೆಯೇ ಮುಷ್ಕರ ಮುಗಿಯಿತು. ಆದರೆ ಆ ದೀರ್ಘ ಹೋರಾಟದಲ್ಲಿ ಬೇಡಿಕೆ ಏನೆಂಬುದು ಗೊತ್ತಿತ್ತು, ಮುಂದಾಳುಗಳು ಯಾರೆಂಬುದು ಗೊತ್ತಿತ್ತು, ಮಾತುಕತೆಗೆ ಯಾರು ಯಾರ ಎದುರು ಕೂಡಬೇಕೆಂಬುದೂ ಗೊತ್ತಿತ್ತು.

ಈ ವ್ಯವಸ್ಥೆಗೆ ಒಂದು ಮುಖ್ಯವಾದ ಕೊರತೆಯೂ ಇತ್ತು. ತುಮಕೂರಿನ ಕಾರ್ಖಾನೆಯೇ ಅದಕ್ಕೆ ನಿದರ್ಶನ. ಮೆಟ್ಟಿಲುಗಳೆಲ್ಲ ಸಂಬಳ, ಬಡ್ತಿ, ರಜೆ, ಶಿಸ್ತುಗಳಿಗೆ ಸಂಬಂಧಿಸಿದುವು. ಯಾವ ವಸ್ತುವನ್ನು ತಯಾರಿಸಬೇಕು, ಯಾವುದಕ್ಕೆ ಬಂಡವಾಳ ಹೂಡಬೇಕು ಎಂಬ ಪ್ರಶ್ನೆಗಳು ಅವುಗಳ ವ್ಯಾಪ್ತಿಗೆ ಸೇರಿರಲಿಲ್ಲ. ಕ್ವಾರ್ಟ್ಜ್ ಗಡಿಯಾರವು ಎಚ್.ಎಂ.ಟಿ.ಗೆ ಅಪರಿಚಿತವಾಗಿರಲಿಲ್ಲ; ೧೯೮೫ರ ವೇಳೆಗೆ ತುಮಕೂರಿನ ಕಾರ್ಖಾನೆಯ ಒಂದು ಭಾಗವೇ ಅದಕ್ಕೆ ಮಾರ್ಪಟ್ಟಿತ್ತು. ಆದರೂ ೧೯೮೪ರಲ್ಲಿ ಸ್ಥಾಪಿತವಾದ ಟೈಟನ್ ಸಂಸ್ಥೆಯು ಹೊಸೂರಿನಲ್ಲಿ ಕ್ವಾರ್ಟ್ಜ್ ಗಡಿಯಾರಗಳನ್ನೇ ಮುಖ್ಯವಾಗಿಟ್ಟುಕೊಂಡು ಮುಂದುವರಿದು ಮಾರುಕಟ್ಟೆಯನ್ನು ಗೆದ್ದಿತು. ೧೯೭೬ರಲ್ಲಿ ಸಂವಿಧಾನಕ್ಕೆ ಸೇರಿದ ೪೩-ಎ ಅನುಚ್ಛೇದವು ಉದ್ಯಮಗಳ ಆಡಳಿತದಲ್ಲಿ ಕೆಲಸಗಾರರು ಪಾಲುಗೊಳ್ಳುವಂತೆ ಮಾಡಬೇಕೆಂದು ಸರ್ಕಾರಕ್ಕೆ ನಿರ್ದೇಶಿಸಿದ್ದರೂ, ತಮ್ಮ ಕೈಯಲ್ಲಿ ಹುಟ್ಟುವ ವಸ್ತುವಿನ ಭವಿಷ್ಯವನ್ನು ಕುರಿತು ಮಾತನಾಡಲು ಕೆಲಸಗಾರರಿಗೆ ಬಲವಾದ ವೇದಿಕೆ ದೊರೆಯಲಿಲ್ಲ. ೨೦೧೬ರ ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟವು ಎಚ್.ಎಂ.ಟಿ. ವಾಚಸ್ ಸಂಸ್ಥೆಯನ್ನು ಮುಚ್ಚಲು ಒಪ್ಪಿಗೆ ನೀಡಿತು. ಉಳಿದಿದ್ದ ನೌಕರರಿಗೆ ಸ್ವಯಂ ನಿವೃತ್ತಿಯ ಯೋಜನೆಯನ್ನು ನೀಡಲಾಯಿತು. ಚಿಕ್ಕ ದೂರುಗಳಿಗೆ ಮೆಟ್ಟಿಲಿದ್ದ ಸಂಸ್ಥೆಯಲ್ಲಿ ಎಲ್ಲಕ್ಕಿಂತ ದೊಡ್ಡ ಪ್ರಶ್ನೆಗೆ ಮೆಟ್ಟಿಲಿರಲಿಲ್ಲ.

೪. ನರಸಾಪುರ: ಮೆಟ್ಟಿಲುಗಳಿಲ್ಲದ ಕಟ್ಟಡ

ಸಾರ್ವಜನಿಕ ಕಾರ್ಖಾನೆಗಳ ಈ ಚಿತ್ರದ ಎದುರಿಗೆ ಇತ್ತೀಚಿನ ಇನ್ನೊಂದು ಚಿತ್ರವನ್ನಿಡಬಹುದು. ಕೋಲಾರ ತಾಲ್ಲೂಕಿನ ನರಸಾಪುರ ಕೈಗಾರಿಕಾ ಪ್ರದೇಶದಲ್ಲಿ ತೈವಾನಿನ ವಿಸ್ಟ್ರಾನ್ ಸಂಸ್ಥೆಯು ಆಪಲ್ ಸಂಸ್ಥೆಗಾಗಿ ಐಫೋನುಗಳನ್ನು ಜೋಡಿಸುವ ಕಾರ್ಖಾನೆಯನ್ನು ಸ್ಥಾಪಿಸಿತು. ೨೦೨೦ರ ಡಿಸೆಂಬರ್ ೧೨ರ ಬೆಳಗ್ಗೆ, ರಾತ್ರಿಯ ಪಾಳಿ ಮುಗಿಯುವ ವೇಳೆಗೆ, ಅಲ್ಲಿಯ ಕೆಲಸಗಾರರ ಒಂದು ಗುಂಪು ಕಾರ್ಖಾನೆಯ ಗಾಜು, ಪೀಠೋಪಕರಣ, ಯಂತ್ರ, ವಾಹನಗಳನ್ನು ಧ್ವಂಸಮಾಡಿತು. ನೂರಕ್ಕೂ ಹೆಚ್ಚು ಜನರ ಬಂಧನವಾಯಿತು. ನಷ್ಟವು ೪೩೭ ಕೋಟಿ ರೂಪಾಯಿಗಳೆಂದು ಮೊದಲ ದೂರಿನಲ್ಲಿ ಹೇಳಲಾಗಿತ್ತು; ಅನಂತರ ಸಂಸ್ಥೆಯೇ ಕೊಟ್ಟ ಅಂದಾಜು ಅದಕ್ಕಿಂತ ಬಹಳ ಕಡಿಮೆಯಾಗಿತ್ತು.

ಈ ಘಟನೆಯನ್ನು ಕೇವಲ ಪುಂಡಾಟವೆಂದು ತಳ್ಳಿಹಾಕಿದವರುಂಟು. ಆದರೆ ರಾಜ್ಯದ ಕಾರ್ಖಾನೆಗಳ ಇಲಾಖೆಯ ಅಧಿಕಾರಿಗಳು ನಡೆಸಿದ ಪರಿಶೀಲನೆಯಲ್ಲಿ ಹೊರಬಿದ್ದ ಅಂಶಗಳು ಬೇರೊಂದು ಕಥೆಯನ್ನು ಹೇಳುತ್ತವೆ. ಸುಮಾರು ೫,೦೦೦ ಇದ್ದ ಕೆಲಸಗಾರರ ಸಂಖ್ಯೆ ಅಲ್ಪಕಾಲದಲ್ಲಿ ೧೦,೫೦೦ಕ್ಕೆ ಏರಿತ್ತು. ಅವರಲ್ಲಿ ಬಹುಪಾಲು ಜನ ಸಂಸ್ಥೆಯ ನೇರ ನೌಕರರಲ್ಲ. ಆರು ಗುತ್ತಿಗೆ ಸಂಸ್ಥೆಗಳ ಮೂಲಕ ಬಂದವರು. ಅಕ್ಟೋಬರಿನಲ್ಲಿ ಎಂಟು ಗಂಟೆಯ ಪಾಳಿಯು ಹನ್ನೆರಡು ಗಂಟೆಗೆ ಬದಲಾಯಿತು. ಅದೇ ಸಮಯದಲ್ಲಿ ಹಾಜರಿ ದಾಖಲಿಸುವ ಯಂತ್ರವ್ಯವಸ್ಥೆ ಕೆಟ್ಟು, ದುಡಿದ ಗಂಟೆಗಳು ಸರಿಯಾಗಿ ನಮೂದಾಗಲಿಲ್ಲ. ಎರಡು ತಿಂಗಳಾದರೂ ಅದು ಸರಿಹೋಗಲಿಲ್ಲ. ಇಷ್ಟು ದೊಡ್ಡ ಕಾರ್ಖಾನೆಯ ಸಿಬ್ಬಂದಿ ವಿಭಾಗದಲ್ಲಿ ಕಾರ್ಮಿಕ ಕಾನೂನುಗಳನ್ನು ಬಲ್ಲವರು ಸಾಕಷ್ಟಿರಲಿಲ್ಲ. ಡಿಸೆಂಬರ್ ೧೯ರಂದು ವಿಸ್ಟ್ರಾನ್ ಸಂಸ್ಥೆಯು ಕೆಲವು ಕೆಲಸಗಾರರಿಗೆ ಸರಿಯಾದ ಸಂಬಳ ಸಕಾಲದಲ್ಲಿ ಸಂದಿಲ್ಲವೆಂದು ಒಪ್ಪಿ ಕ್ಷಮೆ ಕೇಳಿತು. ಭಾರತದ ವ್ಯವಹಾರ ನೋಡಿಕೊಳ್ಳುತ್ತಿದ್ದ ಉಪಾಧ್ಯಕ್ಷನನ್ನು ಹುದ್ದೆಯಿಂದ ತೆಗೆಯಿತು. ಆಪಲ್ ಸಂಸ್ಥೆಯು ಲೋಪಗಳು ಸರಿಹೋಗುವವರೆಗೆ ವಿಸ್ಟ್ರಾನಿಗೆ ಹೊಸ ಕೆಲಸ ಕೊಡುವುದಿಲ್ಲವೆಂದು ತಿಳಿಸಿತು. ೨೦೨೩ರಲ್ಲಿ ಈ ಕಾರ್ಖಾನೆ ಟಾಟಾ ಸಮೂಹದ ಪಾಲಾಯಿತು.

ಇಲ್ಲಿ ನಮ್ಮ ನಾಲ್ಕು ಪ್ರಶ್ನೆಗಳನ್ನು ಹಾಕಿ ನೋಡಬಹುದು. ಸಂಬಳದಲ್ಲಿ ಕೊರತೆ ಕಂಡವನು ಯಾರನ್ನು ಕೇಳಬೇಕಾಗಿತ್ತು? ಅವನಿಗೆ ಸಂಬಳ ಕೊಡುವವನು ಗುತ್ತಿಗೆದಾರ. ಅವನ ಗಂಟೆಗಳನ್ನು ಎಣಿಸುವುದು ಕಾರ್ಖಾನೆಯ ಯಂತ್ರ. ಅವನ ಪಾಳಿಯನ್ನು ಗೊತ್ತುಮಾಡುವವನು ಕಾರ್ಖಾನೆಯ ಸೂಪರ್‌ವೈಸರು. ಉತ್ಪಾದನೆ ಎಷ್ಟಾಗಬೇಕೆಂಬುದನ್ನು ನಿರ್ಧರಿಸುವ ಬೇಡಿಕೆ ಸಮುದ್ರದಾಚೆಯದು. ಗುತ್ತಿಗೆದಾರನನ್ನು ಕೇಳಿದರೆ ಗಂಟೆಗಳ ಲೆಕ್ಕ ಅವನ ಕೈಯಲ್ಲಿಲ್ಲ. ಸೂಪರ್‌ವೈಸರನ್ನು ಕೇಳಿದರೆ ಸಂಬಳದ ಕೀಲಿ ಅವನ ಕೈಯಲ್ಲಿಲ್ಲ. ಕಾನೂನಿನ ಅಕ್ಷರದಲ್ಲಿ ಹೊಣೆ ಇರಲಿಲ್ಲವೆಂದಲ್ಲ. ಆಗ ಜಾರಿಯಲ್ಲಿದ್ದ ೧೯೭೦ರ ಗುತ್ತಿಗೆ ಕಾರ್ಮಿಕರ ಕಾನೂನಿನ ಪ್ರಕಾರ, ಗುತ್ತಿಗೆದಾರನು ಸಂಬಳ ಕೊಡದೆ ಹೋದರೆ ಮೂಲ ಮಾಲೀಕನೇ ಅದನ್ನು ಕೊಡತಕ್ಕದ್ದು. ಆದರೆ ಪುಸ್ತಕದಲ್ಲಿರುವ ಹೊಣೆಗೂ ಪಾಳಿ ಮುಗಿಸಿ ಹೊರಬರುವ ತರುಣನ ಮುಂದೆ ನಿಂತು ಉತ್ತರ ಹೇಳುವ ಮನುಷ್ಯನಿಗೂ ಬಹಳ ಅಂತರವಿದೆ.

ಹರ್ಷ್‌ಮನ್ನನ ಮಾತಿನಲ್ಲಿ ಹೇಳುವುದಾದರೆ, ಅಲ್ಲಿ ದನಿಗೆ ದಾರಿಯಿರಲಿಲ್ಲ. ಬರಬೇಕಾದ ಬಾಕಿ ಸಂಬಳವನ್ನು ಬಿಟ್ಟು ಹೊರಡುವುದೂ ಸುಲಭವಾಗಿರಲಿಲ್ಲ. ಹಿಂಸೆಯನ್ನು ನಾವು ಸಮರ್ಥಿಸುತ್ತಿಲ್ಲ. ಅದರಿಂದ ಹೆಚ್ಚಾಗಿ ಕಷ್ಟಕ್ಕೊಳಗಾದವರು ಕೆಲಸಗಾರರೇ: ಜೈಲು, ಮೊಕದ್ದಮೆ, ಹೋದ ನೌಕರಿ. ೧೯೮೦ರ ಮುಷ್ಕರವು ೭೭ ದಿನ ನಡೆದರೂ ಅದಕ್ಕೊಂದು ರೂಪವಿತ್ತು. ನರಸಾಪುರದ ಸಿಟ್ಟು ಕೆಲವೇ ಗಂಟೆಗಳಲ್ಲಿ ಮುಗಿಯಿತು, ಅದಕ್ಕೆ ರೂಪವಿರಲಿಲ್ಲ. ಈ ವ್ಯತ್ಯಾಸಕ್ಕೆ ಕಾರಣವನ್ನು ಜನರ ಸ್ವಭಾವದಲ್ಲಿ ಹುಡುಕುವುದಕ್ಕಿಂತ ಸಂಸ್ಥೆಯ ರಚನೆಯಲ್ಲಿ ಹುಡುಕುವುದು ಹೆಚ್ಚು ಫಲಕಾರಿ. ಹೋಮ್‌ಸ್ಟ್ರೋಮ್ ಹೇಳಿದ ಇಳಿಜಾರು ಇಲ್ಲಿ ಒಂದೇ ಮಾಡಿನ ಕೆಳಗೆ ಇತ್ತು.

೫. ಸಾಫ್ಟ್‌ವೇರ್ ಕಚೇರಿ: ತೆರೆದ ಬಾಗಿಲು

ಮೂರನೆಯ ಬಗೆ ಸಾಫ್ಟ್‌ವೇರ್ ಉದ್ಯಮ. ೧೯೮೧ರಲ್ಲಿ ಸ್ಥಾಪಿತವಾದ ಇನ್ಫೋಸಿಸ್ ೧೯೮೩ರಲ್ಲಿ ಬೆಂಗಳೂರಿಗೆ ಬಂದಿತು. ೧೯೮೫ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯು ಬೆಂಗಳೂರಿನಲ್ಲಿ ತನ್ನ ಕೇಂದ್ರವನ್ನು ತೆರೆಯಿತು. ಮುಂದಿನ ದಶಕಗಳಲ್ಲಿ ಈ ಉದ್ಯಮ ಬೆಳೆದ ರೀತಿಯನ್ನು ವಾಚಕರಿಗೆ ಹೇಳಬೇಕಾಗಿಲ್ಲ. ಇಲ್ಲಿಯ ವಾತಾವರಣ ಮೇಲುನೋಟಕ್ಕೆ ಕಾರ್ಖಾನೆಗೆ ತೀರ ವಿರುದ್ಧವಾದುದು. ಸೈರನ್ನಿಲ್ಲ, ಮೇಲಧಿಕಾರಿಯನ್ನು ‘ಸಾರ್’ ಎನ್ನದೆ ಹೆಸರು ಹಿಡಿದೇ ಕರೆಯಬಹುದು, ಯಾವಾಗ ಬೇಕಾದರೂ ಬಂದು ಮಾತನಾಡಬಹುದೆಂಬ ಆಶ್ವಾಸನೆಯುಂಟು, ವರ್ಷಕ್ಕೊಮ್ಮೆ ನೌಕರರ ಅಭಿಪ್ರಾಯ ಕೇಳುವ ಪ್ರಶ್ನಾವಳಿಯೂ ಉಂಟು. ಹಳ್ಳಿಯಿಂದ ಬಂದು, ಹಿರಿಯರೆದುರು ತಲೆಯೆತ್ತಿ ಮಾತನಾಡಿ ಅಭ್ಯಾಸವಿಲ್ಲದ ತರುಣನಿಗೆ ಇದು ಬಿಡುಗಡೆಯಂತೆ ತೋರಿದರೆ ಆಶ್ಚರ್ಯವಿಲ್ಲ. ಅದು ಒಂದು ಮಟ್ಟಿಗೆ ನಿಜವಾದ ಬಿಡುಗಡೆಯೂ ಹೌದು.

ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಕರೋಲ್ ಉಪಾಧ್ಯ ಮತ್ತು ಎ. ಆರ್. ವಾಸವಿ ಅವರು ಈ ಉದ್ಯಮದ ನೌಕರರ ಜೀವನವನ್ನು ಅಧ್ಯಯನ ಮಾಡಿ ೨೦೦೬ರಲ್ಲಿ ವರದಿ ಸಲ್ಲಿಸಿದರು. ಸಮಾನತೆಯ ಮಾತಿನ ಹಿಂದೆ ಹತೋಟಿಯ ಇನ್ನೊಂದು ಬಗೆ ಇರುವುದನ್ನು ಈ ಅಧ್ಯಯನ ತೋರಿಸಿಕೊಟ್ಟಿತು. ಮೇಸ್ತ್ರಿಯು ಬೆನ್ನ ಹಿಂದೆ ನಿಲ್ಲುವುದಿಲ್ಲ. ಕೆಲಸವನ್ನು ಮುಗಿಸತಕ್ಕ ಗಡುವು, ತಂಡದ ಜೊತೆಗಾರರ ನಿರೀಕ್ಷೆ, ತನ್ನನ್ನು ತಾನೇ ತಿದ್ದಿಕೊಳ್ಳಬೇಕೆಂಬ ತರಬೇತಿ ಇವು ಆ ಕೆಲಸವನ್ನು ಮಾಡುತ್ತವೆ. ವೇಳೆ ಮೀರಿ ದುಡಿಯಬೇಕಾದರೆ ಅದು ಆಡಳಿತದ ಆಜ್ಞೆಯೆಂದು ಕಾಣದೆ, ತನ್ನ ಸಾಮರ್ಥ್ಯದ ಕೊರತೆಯೆಂದು ನೌಕರನಿಗೇ ಕಾಣಿಸುವ ಸಂಭವವುಂಟು. ಹೀಗೆ ಅಹವಾಲು ಹುಟ್ಟುವ ಮೊದಲೇ ಅದು ಆತ್ಮನಿಂದೆಯಾಗಿ ಮಾರ್ಪಡುತ್ತದೆ. ಅಹವಾಲು ಹುಟ್ಟಿದರೂ ಅದು ಒಬ್ಬನದಾಗಿಯೇ ಉಳಿಯುತ್ತದೆ. ಸಹಿಸಲಾಗದವನು ಬೇರೆ ಸಂಸ್ಥೆಗೆ ಹೋಗುತ್ತಾನೆ. ಹರ್ಷ್‌ಮನ್ನನು ಊಹಿಸಿದಂತೆ, ಹೋಗುವ ದಾರಿ ಅಗಲವಾದಲ್ಲಿ ದನಿಯ ದಾರಿ ಕಿರಿದಾಯಿತು. ಕೆಲಸ ಸಿಗುವುದು ಕಷ್ಟವಾದ ಕಾಲದಲ್ಲಿ ಹೋಗುವ ದಾರಿಯೂ ಕಿರಿದಾಗುತ್ತದೆ. ಆಗ ಈ ವ್ಯವಸ್ಥೆಯ ಪರೀಕ್ಷೆಯಾಗುತ್ತದೆ.

ಕಾನೂನಿನ ದೃಷ್ಟಿಯಿಂದಲೂ ಇಲ್ಲಿ ಒಂದು ವಿಶೇಷವಿದೆ. ಕರ್ನಾಟಕ ಸರ್ಕಾರವು ಸಾಫ್ಟ್‌ವೇರ್ ಉದ್ಯಮವನ್ನು ಸ್ಥಾಯೀ ಆದೇಶಗಳ ಕಾನೂನಿನಿಂದ ವಿನಾಯಿತಿಗೊಳಿಸುತ್ತ ಬಂದಿತು. ೨೦೧೪, ೨೦೧೯ ಮತ್ತು ೨೦೨೪ರಲ್ಲಿ ಆ ವಿನಾಯಿತಿ ಮುಂದುವರಿಯಿತು. ಕುಂದುಕೊರತೆ ಸಮಿತಿಯನ್ನೂ ಲೈಂಗಿಕ ಕಿರುಕುಳದ ದೂರುಗಳ ಆಂತರಿಕ ಸಮಿತಿಯನ್ನೂ ರಚಿಸಬೇಕು, ಶಿಸ್ತುಕ್ರಮಗಳನ್ನು ಕಾರ್ಮಿಕ ಇಲಾಖೆಗೆ ತಿಳಿಸಬೇಕು ಎಂಬುವು ವಿನಾಯಿತಿಯ ಷರತ್ತುಗಳಲ್ಲಿ ಸೇರಿದ್ದುವು. ೨೦೧೭ರಲ್ಲಿ ಈ ಉದ್ಯಮದ ನೌಕರರು ರಾಜ್ಯಮಟ್ಟದ ತಮ್ಮ ಸಂಘವನ್ನು ಕಟ್ಟಿಕೊಂಡರು. ೨೦೨೪ರ ಜುಲೈನಲ್ಲಿ ದಿನದ ದುಡಿಮೆಯನ್ನು ೧೪ ಗಂಟೆಗಳವರೆಗೆ ವಿಸ್ತರಿಸುವ ಪ್ರಸ್ತಾಪದ ಸುದ್ದಿ ಬಂದಾಗ, ಬಹಿರಂಗವಾಗಿ ವಿರೋಧಿಸಿದವರಲ್ಲಿ ಈ ಸಂಘವೇ ಮುಂದಾಗಿತ್ತು. ಒಬ್ಬೊಬ್ಬರ ಅಳಲಾಗಿದ್ದ ವಿಷಯವು ಸಂಘದ ಮೂಲಕ ಸಾರ್ವಜನಿಕ ಪ್ರಶ್ನೆಯಾದುದಕ್ಕೆ ಇದೊಂದು ಉದಾಹರಣೆ.

ಇನ್ನೊಂದು ಘಟನೆಯನ್ನು ಉಲ್ಲೇಖಿಸುವುದು ಅವಶ್ಯ. ೨೦೨೫ರ ಫೆಬ್ರವರಿಯಲ್ಲಿ ಇನ್ಫೋಸಿಸ್ ಸಂಸ್ಥೆಯ ಮೈಸೂರಿನ ತರಬೇತಿ ಕೇಂದ್ರದಿಂದ ಮುನ್ನೂರಕ್ಕೂ ಹೆಚ್ಚು ತರಬೇತಿ ಅಭ್ಯರ್ಥಿಗಳನ್ನು ಬಿಡುಗಡೆ ಮಾಡಲಾಯಿತು. ಒಳಪರೀಕ್ಷೆಯಲ್ಲಿ ಮೂರು ಅವಕಾಶಗಳಲ್ಲಿಯೂ ತೇರ್ಗಡೆಯಾಗದಿದ್ದರೆ ಮುಂದುವರಿಯಲಾಗದೆಂಬುದು ಒಪ್ಪಂದದಲ್ಲಿಯೇ ಇತ್ತೆಂದು ಸಂಸ್ಥೆ ಹೇಳಿತು. ಅವರಲ್ಲಿ ಅನೇಕರು ಆಯ್ಕೆಯಾದ ಮೇಲೆ ಎರಡು ವರ್ಷ ಕಾದು ಸೇರಿದವರು. ಕೇಂದ್ರ ಕಾರ್ಮಿಕ ಸಚಿವಾಲಯಕ್ಕೆ ದೂರು ಹೋಯಿತು. ರಾಜ್ಯದ ಕಾರ್ಮಿಕ ಇಲಾಖೆ ಪರಿಶೀಲಿಸಿತು. ಇವರು ತರಬೇತಿಯಲ್ಲಿದ್ದವರಾದುದರಿಂದ ಕಾರ್ಮಿಕ ಕಾನೂನಿನ ಉಲ್ಲಂಘನೆ ಕಂಡುಬಂದಿಲ್ಲವೆಂದು ವರದಿಯಾಯಿತು. ಸರಿ ತಪ್ಪುಗಳ ತೀರ್ಪು ಕೊಡುವುದು ನಮ್ಮ ಕೆಲಸವಲ್ಲ. ಆದರೆ ಇದರಿಂದ ಹೊರಡುವ ಒಂದು ತತ್ತ್ವವನ್ನು ಗಮನಿಸಬೇಕು. ಮೆಟ್ಟಿಲುಗಳು ಎಷ್ಟೇ ಚೆನ್ನಾಗಿರಲಿ, ಅವುಗಳನ್ನು ಹತ್ತಲು ಯಾರಿಗೆ ಅರ್ಹತೆಯಿದೆಯೆಂಬ ಪ್ರಶ್ನೆ ಅದಕ್ಕೂ ಮೊದಲಿನದು. ಕಾಲೇಜು ಬಿಟ್ಟು ಮೊದಲ ಬಾರಿಗೆ ಕಾರ್ಖಾನೆ ಕಚೇರಿಗಳ ಹೊಸಲು ತುಳಿಯುವವನು ಬಹುತೇಕ ತರಬೇತಿಯವನು, ಗುತ್ತಿಗೆಯವನು ಅಥವಾ ಪರೀಕ್ಷಾರ್ಥ ನೇಮಕವಾದವನು. ಅಂದರೆ ಅವನಿಗೆ ಅಹವಾಲಿನ ದಾರಿ ಬಹಳ ಬೇಕಾದ ಕಾಲದಲ್ಲಿಯೇ ಅದು ದೊರೆಯುವುದು ಕಷ್ಟ.

೬. ಹೊಸ ಸಂಹಿತೆಗಳು

೨೦೨೫ರ ನವೆಂಬರ್ ೨೧ರಿಂದ ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದುದರಿಂದ ಮೇಲೆ ಹೇಳಿದ ಹಳೆಯ ಕಾನೂನುಗಳ ಸ್ಥಾನವನ್ನು ಅವು ಆಕ್ರಮಿಸಿವೆ. ಕೈಗಾರಿಕಾ ಸಂಬಂಧಗಳ ಸಂಹಿತೆಯ ಪ್ರಕಾರ 20 ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆಯಲ್ಲಿ ಕುಂದುಕೊರತೆ ಸಮಿತಿ ಇರತಕ್ಕದ್ದು. ಅದರಲ್ಲಿ ಮಾಲೀಕರ ಮತ್ತು ಕೆಲಸಗಾರರ ಪ್ರತಿನಿಧಿಗಳು ಸಮಸಂಖ್ಯೆಯಲ್ಲಿರಬೇಕು. ಒಟ್ಟು ಸಂಖ್ಯೆ ಹತ್ತನ್ನು ಮೀರಕೂಡದು. ಮಹಿಳೆಯರಿಗೆ ಅವರ ಸಂಖ್ಯೆಗೆ ತಕ್ಕ ಸ್ಥಾನವಿರಬೇಕು. ಅಧ್ಯಕ್ಷತೆ ವರ್ಷಕ್ಕೊಮ್ಮೆ ಪಕ್ಷದಿಂದ ಪಕ್ಷಕ್ಕೆ ಬದಲಾಗಬೇಕು. ಕಾರಣ ಹುಟ್ಟಿದ ಒಂದು ವರ್ಷದೊಳಗೆ ದೂರು ಕೊಡಬಹುದು. ಸಮಿತಿ ೩೦ ದಿನಗಳಲ್ಲಿ ವಿಚಾರಣೆ ಮುಗಿಸಬೇಕು. ಒಪ್ಪಿಗೆಯಾಗದವನು ಸಂಘದ ಮೂಲಕ ಸಂಧಾನಾಧಿಕಾರಿಯ ಬಳಿಗೆ ಹೋಗಬಹುದು. ಸಂಬಳದ ಸಂಹಿತೆಯ ಪ್ರಕಾರ ತಿಂಗಳ ಸಂಬಳವು ಮುಂದಿನ ತಿಂಗಳ ಏಳನೆಯ ತಾರೀಖಿನೊಳಗೆ ಸಲ್ಲಬೇಕು. ಇವು ಸ್ವಾಗತಾರ್ಹವಾದ ಅಂಶಗಳು.

ಆದರೆ ಪ್ರಮಾಣೀಕೃತ ಸ್ಥಾಯೀ ಆದೇಶಗಳ ಕಡ್ಡಾಯವು ಈಗ ೩೦೦ ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳಿಗೆ ಮಾತ್ರ ಅನ್ವಯಿಸುತ್ತದೆ. ಹಿಂದಿನ ಕೇಂದ್ರ ಕಾನೂನಿನಲ್ಲಿ ಆ ಸಂಖ್ಯೆ ನೂರಾಗಿತ್ತು. ಅಪ್ರೆಂಟಿಸ್ ಕಾನೂನಿನ ಪ್ರಕಾರ ತರಬೇತಿಯಲ್ಲಿರುವವನು ಈ ಸಂಹಿತೆಯ ‘ಕೆಲಸಗಾರ’ ಎಂಬ ಲಕ್ಷಣದಿಂದ ಹೊರಗುಳಿಯುತ್ತಾನೆ. ೧೯೪೭ರ ಕಾನೂನು ಅವನನ್ನು ಒಳಗೊಂಡಿತ್ತು. ಸಣ್ಣ ಸಂಸ್ಥೆಯಲ್ಲಿ ಬರೆದ ನಿಯಮ ವಿರಳವಾಗುವುದೂ ಹೊಸಬನು ಲಕ್ಷಣದಿಂದಲೇ ಹೊರಗಾಗುವುದೂ ನಮ್ಮ ವಿದ್ಯಾರ್ಥಿಗಳಿಗೆ ನೇರವಾಗಿ ತಟ್ಟುವ ಸಂಗತಿಗಳು.

೭. ಉಪಸಂಹಾರ

ಮೂರು ಬಗೆಯ ಉದ್ಯಮಗಳಿಂದ ನಾವು ಕಂಡುದನ್ನು ಹೀಗೆ ಸಂಗ್ರಹಿಸಬಹುದು. ಸಾರ್ವಜನಿಕ ಕಾರ್ಖಾನೆಯಲ್ಲಿ ಅಹವಾಲಿಗೆ ಮೆಟ್ಟಿಲಿತ್ತು, ಆದರೆ ಸಂಸ್ಥೆಯ ಅಳಿವು ಉಳಿವಿನ ಪ್ರಶ್ನೆ ಆ ಮೆಟ್ಟಿಲಿಗೆ ಎಟುಕಲಿಲ್ಲ. ನರಸಾಪುರದಲ್ಲಿ ಹೊಣೆಯು ಹಲವರಲ್ಲಿ ಹಂಚಿಹೋಗಿ, ಉತ್ತರಿಸುವವನೇ ಕಾಣದಾದನು. ಸಾಫ್ಟ್‌ವೇರ್ ಕಚೇರಿಯಲ್ಲಿ ಬಾಗಿಲು ತೆರೆದಿತ್ತು, ಒಳಗೆ ಹೋದವನು ಒಬ್ಬಂಟಿಯಾಗಿದ್ದನು. ತಂತ್ರಜ್ಞಾನ ಎಷ್ಟು ಹೊಸದೆಂಬುದಕ್ಕೂ ಆಡಳಿತ ಎಷ್ಟು ನ್ಯಾಯವಾದುದೆಂಬುದಕ್ಕೂ ನೇರವಾದ ಸಂಬಂಧವಿಲ್ಲ. ಟೆಲಿಫೋನಿನ ಕಾಲದ ಹಾಥಾರ್ನ್ ಎತ್ತಿದ ಪ್ರಶ್ನೆಯನ್ನು ಐಫೋನಿನ ಕಾಲದ ನರಸಾಪುರ ಮತ್ತೆ ಎತ್ತಿತು.

ಈ ವಿವೇಚನೆಯಿಂದ ಅಧ್ಯಾಪಕರಿಗೆ ಒಂದು ಕರ್ತವ್ಯ ಒದಗುತ್ತದೆ. ಕಾಲೇಜುಗಳಲ್ಲಿ ಸಂದರ್ಶನಕ್ಕೆ ಹೇಗೆ ಉಡುಪು ಧರಿಸಬೇಕು, ಇಂಗ್ಲಿಷಿನಲ್ಲಿ ಹೇಗೆ ಉತ್ತರಿಸಬೇಕೆಂಬುದನ್ನು ಕಲಿಸುತ್ತೇವೆ. ನೇಮಕಾತಿ ಪತ್ರವನ್ನು ಓದುವುದನ್ನು ಕಲಿಸುವವರು ವಿರಳ. ಪತ್ರದ ತಲೆಯ ಮೇಲಿರುವ ಹೆಸರು ಕೆಲಸ ಮಾಡುವ ಸಂಸ್ಥೆಯದೋ ಗುತ್ತಿಗೆದಾರನದೋ? ತನ್ನನ್ನು ಕೆಲಸಗಾರನೆಂದು ಕರೆದಿದೆಯೋ ತರಬೇತಿಯವನೆಂದೋ? ಹೇಳಿದ ಸಂಬಳದಲ್ಲಿ ಕೈಗೆ ಬರುವುದೆಷ್ಟು, ಕಳೆಯುವುದೆಷ್ಟು? ಗಂಟೆಗಳ ಲೆಕ್ಕವನ್ನು ಇಡುವವರು ಯಾರು, ಅದರ ಪ್ರತಿ ತನಗೆ ದೊರೆಯುವುದೆ? ಕುಂದುಕೊರತೆ ಸಮಿತಿಯ ಸದಸ್ಯರು ಯಾರು? ಈ ಪ್ರಶ್ನೆಗಳನ್ನು ಪದವಿಯ ಕೊನೆಯ ವರ್ಷದಲ್ಲಿ ಒಂದೆರಡು ತರಗತಿಗಳಲ್ಲಿ, ನಿಜವಾದ ಪತ್ರದ ಮಾದರಿಯನ್ನೇ ಮುಂದಿಟ್ಟುಕೊಂಡು ಚರ್ಚಿಸಬಹುದು. ಅದಕ್ಕೆ ಹೊಸ ಪಠ್ಯವೂ ಬೇಕಾಗಿಲ್ಲ, ಹಣವೂ ಬೇಕಾಗಿಲ್ಲ.

ವಿದ್ಯಾರ್ಥಿಗಳಿಗೂ ಒಂದು ಕೆಲಸವುಂಟು. ತುಮಕೂರಿನ ಗಡಿಯಾರ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು ಈ ಜಿಲ್ಲೆಯಲ್ಲಿ ಇನ್ನೂ ನಮ್ಮ ನಡುವೆ ಇದ್ದಾರೆ. ಅವರು ದೂರನ್ನು ಯಾರ ಬಳಿ ಹೇಳುತ್ತಿದ್ದರು, ಉತ್ತರ ಬರುವುದಕ್ಕೆ ಎಷ್ಟು ದಿನ ಹಿಡಿಯುತ್ತಿತ್ತು, ಸಂಘದ ಸಭೆಯಲ್ಲಿ ಯಾವ ಮಾತು ನಡೆಯುತ್ತಿತ್ತು, ಹೆಂಗಸರ ಅಹವಾಲು ಮೇಲಿನವರಿಗೆ ತಲಪುತ್ತಿತ್ತೆ, ಮುಚ್ಚುವ ಸುದ್ದಿ ಹೇಗೆ ತಿಳಿಯಿತು ಎಂಬುದನ್ನು ಕೇಳಿ ಬರೆದಿಡುವ ಕಾಲ ಇದೇ. ಆ ಬರಹದ ಪಕ್ಕದಲ್ಲಿ, ಈಗ ಬೆಂಗಳೂರಿಗೂ ವಸಂತನರಸಾಪುರಕ್ಕೂ ಗುಬ್ಬಿಗೂ ಕೆಲಸಕ್ಕೆ ಹೋಗುತ್ತಿರುವ ಹೆಬ್ಬೂರು ಸೀಮೆಯ ತರುಣ ತರುಣಿಯರ ಉತ್ತರಗಳನ್ನೂ ಇಟ್ಟು ನೋಡಿದರೆ, ಈ ಲೇಖನದಲ್ಲಿ ಸ್ಥೂಲವಾಗಿ ಸೂಚಿಸಿದ ಹೋಲಿಕೆ ಎಷ್ಟರಮಟ್ಟಿಗೆ ನಿಲ್ಲುವುದೆಂಬುದು ಗೊತ್ತಾಗುವುದು. ಅಂಥ ಸಂಗ್ರಹಕ್ಕೆ ನಮ್ಮ ವಿಭಾಗದ ಅಧ್ಯಾಪಕರೂ ವಿದ್ಯಾರ್ಥಿಗಳೂ ಕೈಹಾಕುವರೆಂದು ನಂಬಿದ್ದೇವೆ.